ಗಾಲಿಗೆ ಕೊಟ್ಟ ಕಲ್ಲು

"ರಾತ್ರಿ ಗಾಡಿ ನಿಲ್ಲಿಸೂ ಕಾಯ್ದೆ ಕೇಳೂಕೆ ಇಷ್ಟು ದೂರ ಬಂದ್ರಾ?" ಬೇಕರಿಯ ಸಾಹೇಬರು ಕನ್ನಡಕವನ್ನು ಹಣೆಗೇರಿಸಿ ಸುಚಿತಾಳನ್ನು ನೋಡಿದರು. "ನಿಮ್ಮ ಊರಲ್ಲಿ ಗಾಡಿ ಎಷ್ಟದೆ?"

"ಆರು ಟೆಂಪೊ," ಎಂದಳು ಸುಚಿತಾ. ಹೇಳಿದ ಮೇಲೆ ನಾಚಿಕೆಯಾಯಿತು. ಭಟ್ಕಳದ ಆ ಒಂದೇ ಓಣಿಯಲ್ಲಿ ಅವಳು ಆಗಲೇ ಹದಿನೇಳು ಕಾರು ಎಣಿಸಿದ್ದಳು.

ಸಾಹೇಬರು ನಗಲಿಲ್ಲ. ಗಲ್ಲೆಯಿಂದ ಎದ್ದು, ಲುಂಗಿ ಸರಿಮಾಡಿಕೊಂಡು, ಹೊರಗೆ ಬಂದು ಎದುರಿಗಿದ್ದ ಕಾರಿನ ಮುಂಗಾಜನ್ನು ಬೆರಳಿನಿಂದ ಕುಟ್ಟಿ ತೋರಿಸಿದರು. ಗಾಜಿನ ಒಳಗೆ ಒಂದು ರಟ್ಟಿನ ತುಂಡು, ಅದರ ಮೇಲೆ ಎರಡು ಫೋನ್ ನಂಬರು. "ಕಚೇರೀಲಿ ಕಾಯ್ದೆ ಇರಬಹುದು ಬೇಟಿ, ಅದು ನಂಗೆ ತಿಳಿಯೂದಿಲ್ಲ. ಈ ಓಣೀಲಿ ಇರೂದು ಇದು. ಮೇಲಿಂದು ಅವ್ನ ನಂಬರು, ಕೆಳಗಿಂದು ಅವ್ನ ಹೆಂಡ್ತಿದು. ರಾತ್ರಿ ಅವ್ನು ಫೋನ್ ಎತ್ತೂದಿಲ್ಲ. ಅವ್ಳು ಎತ್ತಿ, ಅವ್ನನ್ನ ಎಬ್ಬಿಸಿ ಕಳಿಸ್ತಾಳೆ."

ಸುಚಿತಾ ಬರೆದುಕೊಂಡಳು. ಅವಳ ಉದ್ದನೆಯ ಹಾಳೆಯಲ್ಲಿ ನಾಲ್ಕು ಅಂಕಣಗಳಿದ್ದವು: ಪಟ್ಟಣ, ರಾತ್ರಿ ನಿಲುಗಡೆಯ ನಿಯಮ, ನಿಯಮಕ್ಕೆ ಆಧಾರ, ಷರಾ. ಮೂರನೆಯ ಅಂಕಣದ ಮುಂದೆ ಪೆನ್ನು ನಿಂತಿತು. ಆಧಾರ ಎಂದು ಏನು ಬರೆಯುವುದು? ಹೆಂಡತಿ ಫೋನ್ ಎತ್ತುತ್ತಾಳೆ ಎಂದು ಬರೆದರೆ ಸಭೆಯಲ್ಲಿ ನಕ್ಕಾರು. ಬರೆಯದೆ ಬಿಟ್ಟರೆ ಸರಿಯಾಗಿ ವಿಚಾರಿಸಲಿಲ್ಲ ಎಂದಾರು. ಕೊನೆಗೆ 'ಓಣಿಯವರ ಒಪ್ಪಂದ' ಎಂದು ಬರೆದು, ಅದೂ ಸರಿಯೋ ತಪ್ಪೋ ತಿಳಿಯದೆ, ಪಕ್ಕದಲ್ಲಿ ಸಣ್ಣದೊಂದು ಪ್ರಶ್ನೆಯ ಗುರುತು ಹಾಕಿದಳು.

ಅಳಿವೆಕೇರಿ ಪಂಚಾಯತಿಯ ಗುಮಾಸ್ತೆ ಸುಚಿತಾ ಮೂರು ಪೇಟೆ ಸುತ್ತಲು ಹೊರಟದ್ದಕ್ಕೆ ಕಾರಣ ಸುಬ್ಬಿಯ ಸಾವು. ಅಳಿವೆಕೇರಿ ಹೊನ್ನಾವರ ಮತ್ತು ಕುಮಟೆಯ ನಡುವೆ ಹೊಳೆ ಕಡಲು ಸೇರುವಲ್ಲಿದೆ. ಹೆದ್ದಾರಿಯಿಂದ ದೋಣಿಗಳ ಧಕ್ಕೆಗೆ ಇಳಿಯುವ ಬಂದರಕೇರಿಯ ರಸ್ತೆ ಎಷ್ಟು ಕಿರಿದೆಂದರೆ, ಒಂದು ಟೆಂಪೊ ನಿಂತರೆ ಅದರ ಪಕ್ಕ ಬೈಕು ಹೋದೀತು, ಮತ್ತೇನೂ ಹೋಗದು. ಬೆಳಗಿನ ಜಾವ ದೋಣಿಗಳು ಬಂದ ಕೂಡಲೇ ಮೀನು ತುಂಬಬೇಕಾದ್ದರಿಂದ ಆರೂ ಟೆಂಪೊಗಳು ರಾತ್ರಿ ಆ ರಸ್ತೆಯಲ್ಲೇ ನಿಲ್ಲುತ್ತಿದ್ದವು. ಹೋದ ತಿಂಗಳು ಒಂದು ರಾತ್ರಿ ದೋಣಿ ನಡೆಸುವ ತಾಂಡೇಲ ಶನಿಯಾರನ ಹೆಂಡತಿ ಸುಬ್ಬಿಗೆ ಎದೆ ನೋವು ಬಂತು. ನೂರಾ ಎಂಟರ ಆಂಬುಲೆನ್ಸ್ ಬೇಗನೇ ಬಂದಿತ್ತು. ಆದರೆ ಶನಿಯಾರನ ಮನೆಗಿಂತ ತುಸು ಮೇಲೆ ರಾಜೀವನ ಟೆಂಪೊ ಅಡ್ಡ ನಿಂತಿತ್ತು. ರಾಜೀವ ಹೆಂಡತಿಯ ತವರಿಗೆಂದು ಹಿರೇಗುತ್ತಿಗೆ ಹೋಗಿದ್ದ, ಕೀಲಿ ಅವನ ಕಿಸೆಯಲ್ಲಿತ್ತು. ಎದೆ ನೋವಿನವಳನ್ನು ಅಲುಗಿಸಬಾರದು, ಗಾಡಿ ಬಾಗಿಲಿಗೇ ಬರಲಿ ಎಂದು ಯಾರೂ ಅವಳನ್ನು ಎತ್ತಲಿಲ್ಲ. ಎಂಟು ಜನ ದೂಡಿದರೂ ಟೆಂಪೊ ಅಲುಗಲಿಲ್ಲ. ಗಾಜು ಒಡೆಯುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿ, ಕಡೆಗೆ ಒಡೆದು, ಕೈ ಹಾಕಿ ಗೇರು ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಕುಮಟೆ ಮುಟ್ಟುವ ಮೊದಲೇ ಸುಬ್ಬಿಯ ಜೀವ ಹೋಗಿತ್ತು.

ಅಂದಿನಿಂದ ಕೇರಿಯಲ್ಲಿ ರಾಜೀವನ ಹತ್ತಿರ ಮಾತಿಲ್ಲ. ಅವನ ಟೆಂಪೊಗೆ ಯಾವ ದೋಣಿಯವರೂ ಮೀನು ಹಾಕುವುದಿಲ್ಲ. ಶುಕ್ರವಾರ ಪಂಚಾಯತಿಯ ಸಭೆ. ಬಂದರಕೇರಿಯಲ್ಲಿ ರಾತ್ರಿ ಗಾಡಿ ನಿಲ್ಲಿಸುವುದನ್ನೇ ನಿಷೇಧಿಸಬೇಕು, ರಾಜೀವನ ಲೈಸೆನ್ಸ್ ರದ್ದು ಮಾಡಲು ಪೊಲೀಸರಿಗೆ ಬರೆಯಬೇಕು ಎಂದು ಶನಿಯಾರ ಅರ್ಜಿ ಕೊಟ್ಟಿದ್ದ.

"ಮೂರೂ ಪೇಟೆ ನೋಡ್ಕಂಡು ಬಾ," ಎಂದಿದ್ದರು ಅಧ್ಯಕ್ಷ ಭಾಸ್ಕರ. "ಅಲ್ಲಿ ಎಂತ ಕಾಯ್ದೆ ಅದೆ, ಅದ್ನೇ ಇಲ್ಲೂ ಹಾಕ್ವ. ನಾಳೆ ಯಾರೂ ಭಾಸ್ಕರ ತನ್ನ ಮನಸ್ಸಿಗೆ ಬಂದ ಹಾಗೆ ಮಾಡ್ದ ಅನ್ಬಾರ್ದು ನೋಡು. ನೀನಾದ್ರೆ ಸರಿಯಾಗಿ ಬರೀತೆ."

ಸರಿಯಾಗಿ ಬರೆಯುತ್ತಾಳೆ ಎಂಬುದು ನಿಜವೇ. ಒಂದು ರಸೀದಿಯಲ್ಲಿ ತಾರೀಕು ತಪ್ಪಿದರೂ ರಾತ್ರಿ ನಿದ್ದೆ ಬಾರದ ಹೆಣ್ಣು ಅವಳು. ಹೋದ ವರ್ಷ ಇನ್ನೊಬ್ಬ ಡ್ರೈವರು ದುರ್ಗನ ಟೆಂಪೊ ರಾತ್ರಿ ತಾನೇ ತಾನಾಗಿ ಇಳಿಜಾರಿನಲ್ಲಿ ಉರುಳಿ, ಕೇರಿಯ ಮಾದಿಯ ಒಣಮೀನಿನ ಚಾಪೆಗಳ ಮೇಲೆ ಹಾದು ಹೋದಾಗ, ಯಾರೂ ಹೇಳದೆಯೇ ಒಂದು ಸೂಚನಾ ಫಲಕ ಬರೆದು ಬಂದರಕೇರಿಯ ಕಂಬಕ್ಕೆ ಕಟ್ಟಿಸಿದವಳೂ ಅವಳೇ. ಭಟ್ಕಳದಿಂದ ಮರಳುವ ಬಸ್ಸಿನಲ್ಲಿ, ಶಿರಾಲಿ ದಾಟುವಾಗ, ಅದು ನೆನಪಾಗಿ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಭಟ್ಕಳದ ಆ ಓಣಿಯಲ್ಲಿ ಫೋನ್ ನಂಬರು ಮಾತ್ರ. ತಮ್ಮ ಊರಿನಲ್ಲಿ ಬರವಣಿಗೆಯಲ್ಲಿಟ್ಟ ನಿಯಮವಾದರೂ ಇದೆ.

ಹೊನ್ನಾವರದಲ್ಲಿ ಇಳಿದು ಬಂದರಿನ ಹತ್ತಿರ ಒಂದು ಹೋಟೆಲಿನಲ್ಲಿ ಕೇಳಿದಳು. ಹೊಳೆಯ ಬದಿಗೆ ನಿಲ್ಲಿಸುತ್ತಾರೆ, ಮನೆಗಳ ಬದಿಗೆ ನಿಲ್ಲಿಸುವುದಿಲ್ಲ ಎಂದರು ಹೋಟೆಲಿನವರು. ಯಾರು ಹೇಳಿದ್ದು ಎಂದು ಕೇಳಿದ್ದಕ್ಕೆ, "ಹೇಳೂದು ಎಂತ? ಮನೆ ಬದಿಗೆ ನಿಲ್ಸಿದ್ರೆ ಬೆಳಗಾಗೂದ್ರೊಳಗೆ ಗಾಜಿನ ಮೇಲೆ ಅಂಗಳದ ಸಗಣಿ ಬೀಳ್ತದೆ," ಎಂದು ಚಹಾ ಸೋಸತೊಡಗಿದರು. ಅದನ್ನೂ ಬರೆದುಕೊಂಡಳು. ಆಧಾರದ ಅಂಕಣದಲ್ಲಿ ಮತ್ತೊಂದು ಪ್ರಶ್ನೆಯ ಗುರುತು ಬಿತ್ತು.

ಮರುದಿನ ಮಧ್ಯಾಹ್ನ ಕುಮಟೆ. ಮೀನು ಮಾರ್ಕೆಟ್ಟಿನ ಹಿಂದೆ ಟೆಂಪೊಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ನೆರಳಿನಲ್ಲಿ ಎಲೆಯಡಿಕೆಯ ಕವಳ ಜಗಿಯುತ್ತ ಕುಳಿತಿದ್ದರು. ಅವಳ ಕೈಯಲ್ಲಿ ಹಾಳೆ ಕಂಡ ಕೂಡಲೇ ಇಬ್ಬರು ಎದ್ದು ಅತ್ತ ಸರಿದರು. ಉಳಿದವನು ವೆಂಕಟ್ರಮಣ ಎಂಬ ನಡುವಯಸ್ಸಿನ ಡ್ರೈವರು. ಅವಳ ಊರು ಕೇಳಿ, "ಓ, ಅಳಿವೆಕೇರಿ. ಆ ಸುದ್ದಿ ಕೇಳ್ದೆ," ಎಂದು ಕವಳ ಉಗಿದು ಬಂದ.

"ನಿಮ್ಮಲ್ಲಿ ರಾತ್ರಿ ಗಾಡಿ ನಿಲ್ಲಿಸೂಕೆ ಎಂತ ಕಾಯ್ದೆ?" ಎಂದು ಸುಚಿತಾ ಕೇಳಿದಳು.

"ಕಾಯ್ದೆ ಒಂದೇ ಅಕ್ಕೋರೆ. ಗೇರಿಗೆ ಹಾಕೂಕಿಲ್ಲ, ಹ್ಯಾಂಡ್ ಬ್ರೇಕ್ ಎಳೆಯೂಕಿಲ್ಲ. ನ್ಯೂಟ್ರಲಲ್ಲಿ ಬಿಡೂದು, ಗಾಲಿಗೆ ಕಲ್ಲು ಕೊಡೂದು, ಮನೆಗೆ ಹೋಗೂದು." ಅವನು ತನ್ನ ಟೆಂಪೊದ ಹಿಂಗಾಲಿಗೆ ಕೊಟ್ಟಿದ್ದ ಕಲ್ಲನ್ನು ಕಾಲಿನಿಂದ ಬದಿಗೆ ಸರಿಸಿ, ಒಂದು ಕೈಯಿಂದ ಗಾಡಿಯನ್ನು ತಳ್ಳಿದ. ಅಷ್ಟು ದೊಡ್ಡ ಗಾಡಿ ಕರುವಿನ ಹಾಗೆ ಮುಂದಕ್ಕೆ ನಡೆಯಿತು. ಮತ್ತೆ ಕಲ್ಲು ಕೊಟ್ಟ. "ನೋಡಿದ್ರಾ? ಹೆಂಗಸ್ರೂ ದೂಡ್ತ್ರು. ಹೆಣ ಬರ್ಲಿ, ಬಸುರಿ ಬರ್ಲಿ, ಯಾರನ್ನೂ ಎಬ್ಬಿಸೂದು ಬೇಡ."

"ಕಲ್ಲು ಜಾರಿದ್ರೆ?"

"ಜಾರದ ಕಲ್ಲು ಹುಡುಕಿ ಇಟ್ಕಳ್ಬೇಕು. ಇಳಿಜಾರಾದ್ರೆ ಎರಡು ಕೊಡ್ಬೇಕು." ಅವನು ಅವಳ ಹಾಳೆಯ ಕಡೆ ನೋಡಿದ. "ಗೇರಿಗೆ ಹಾಕಿ, ಬೀಗ ಜಡ್ದು, ಕೀಲಿ ಕಿಸೇಲಿಟ್ಕಂಡು ಹೋದ್ರೆ ಆ ಗಾಡಿ ಗೋಡೆ ಆತು. ನಿಮ್ಮ ಊರವ್ರಿಗೂ ಗೊತ್ತಿದ್ದದ್ದೇ ಅಲ್ದಾ ಇದು? ಈ ಕರಾವಳೀಲಿ ಮೀನು ಹೊರೂ ಡ್ರೈವರ್ ಯಾರೂ ಹಂಗೆ ಮಾಡೂದಿಲ್ಲ. ಅಂವ ಯಾಕೆ ಮಾಡ್ದ ಅಂತ ನಂಗೆ ಇವತ್ತಿಗೂ ತಿಳೀಲಿಲ್ಲ."

ಸುಚಿತಾ ಬರೆಯಲು ಹೋದಳು. 'ಗೇರಿಗೆ ಹಾಕಬಾರದು' ಎಂಬಲ್ಲಿಗೆ ಕೈ ನಿಂತಿತು. ಆ ಪದಗಳನ್ನು ತಾನು ಹಿಂದೆ ಬರೆದಿದ್ದೇನೆ, ಬೇರೆ ಥರ ಬರೆದಿದ್ದೇನೆ ಎಂದು ಕೈಗೇ ಮೊದಲು ತಿಳಿದ ಹಾಗಿತ್ತು. ಫಲಕದ ನಾಲ್ಕು ಸಾಲುಗಳು ಒಂದೊಂದಾಗಿ ಕಣ್ಣೆದುರು ಬಂದವು. ಎಡಬದಿಗೆ ಮಾತ್ರ ನಿಲ್ಲಿಸತಕ್ಕದ್ದು. ತಿರುವಿನಲ್ಲಿ ನಿಲ್ಲಿಸಕೂಡದು. ಚಕ್ರಕ್ಕೆ ಕಲ್ಲು ಇಡುವುದನ್ನು ನಿಷೇಧಿಸಿದೆ. ವಾಹನವನ್ನು ಗೇರಿನಲ್ಲಿರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬೀಗ ಹಾಕಿ, ಕೀಲಿಯನ್ನು ಮಾಲೀಕರು ತಮ್ಮ ಬಳಿಯೇ ಇಟ್ಟುಕೊಳ್ಳತಕ್ಕದ್ದು. ದುರ್ಗನ ಕಲ್ಲು ಜಾರಿದ ಮೇಲೆ, ಹೆದ್ದಾರಿ ಲಾರಿಗಳಿಗೆಂದು ಅಚ್ಚು ಹಾಕಿಸಿದ್ದ ಒಂದು ಸುರಕ್ಷತೆಯ ಹಾಳೆ ಎದುರಿಗಿಟ್ಟುಕೊಂಡು, ಒಂದು ಅಕ್ಷರವೂ ತಪ್ಪದ ಹಾಗೆ ಬರೆದಿದ್ದಳು. ಮಳೆಗೆ ಹಾಳಾಗಬಾರದೆಂದು ಇದೇ ಕುಮಟೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ್ದಳು. ಕಲ್ಲು ಕೊಡುವುದು ಡ್ರೈವರುಗಳ ಸೋಮಾರಿತನ ಎಂದು ಅವಳು ತಿಳಿದಿದ್ದಳು. ಅವಳ ಮನೆ ಹೆದ್ದಾರಿಯ ಬದಿಗೆ. ಅವಳು ಕೆಲಸಕ್ಕೆ ಬರುವ ಹೊತ್ತಿಗೆ ಬಂದರಕೇರಿಯಲ್ಲಿ ಒಂದು ಟೆಂಪೊವೂ ಇರುವುದಿಲ್ಲ. ಜಾವದಲ್ಲಿ ಅಲ್ಲಿ ಯಾರು ಯಾರ ಗಾಡಿಯನ್ನು ದೂಡುತ್ತಾರೆ ಎಂದು ಅವಳು ನೋಡಿರಲಿಲ್ಲ, ಕೇಳಿರಲೂ ಇಲ್ಲ.

"ಅಕ್ಕೋರೆ, ಬಿಸಿಲು ತಾಗ್ತಾ? ಕೂತ್ಕಳಿ," ಎಂದ ವೆಂಕಟ್ರಮಣ.

"ಇಲ್ಲ, ಆತು. ಬಸ್ಸದೆ," ಎಂದು ಅವಳು ನಡೆದಳು.

ಅಂದು ಸಂಜೆ ರಾಜೀವ ಮನೆಯ ಹಿಂದೆ ಮೀನಿನ ಕ್ರೇಟುಗಳನ್ನು ತೊಳೆಯುತ್ತಿದ್ದ. ತಿಂಗಳಿಂದ ಖಾಲಿ ಇದ್ದ ಕ್ರೇಟುಗಳಲ್ಲಿ ತೊಳೆಯುವುದಕ್ಕೇನಿರಲಿಲ್ಲ. ಸುಚಿತಾ ಬಂದದ್ದು ಕಂಡು ಅವನ ಹೆಂಡತಿ ಪವಿತ್ರಾ ಗಾಬರಿಯಿಂದ ಕುರ್ಚಿ ತಂದಳು. ಎಷ್ಟೋ ದಿನದ ಮೇಲೆ ಅವರ ಮನೆಗೆ ಕಾಲಿಟ್ಟ ಹೊರಗಿನವಳು ಅವಳು.

"ನಂಗೆ ನಾಳೆ ನೋಟೀಸಾ ಸುಚಿತಕ್ಕ?" ಎಂದು ರಾಜೀವ ಕೇಳಿದ.

"ಅಲ್ಲ. ಒಂದು ಮಾತು ಕೇಳೂಕೆ ಬಂದೆ. ಮೊದ್ಲು ನೀನು ಟೆಂಪೊ ಹೆಂಗೆ ನಿಲ್ಲಿಸ್ತಿದ್ದೆ?"

ಅವನು ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟ. ಅವಳು ಏನು ತಿಳಿದು ಬಂದಿದ್ದಾಳೆಂದು ಅವನಿಗೆ ಅರ್ಥವಾಗಿತ್ತು. "ಎಲ್ಲರ ಹಂಗೇ. ನ್ಯೂಟ್ರಲಲ್ಲಿ, ಕಲ್ಲು ಕೊಟ್ಟು."

"ಮತ್ತೆ?"

"ಮತ್ತೆ ನೀವು ಫಲಕ ಕಟ್ಸಿದ್ರಲ್ಲ. ಐದು ಜನ ಓದ್ಲಿಲ್ಲ. ನಾನೊಬ್ಬ ಓದ್ದೆ." ಅವನ ದನಿಯಲ್ಲಿ ಕೊಂಕಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. "ನೀವು ಓದ್ದವ್ರು, ತಿಳ್ದೇ ಬರ್ದಿರ್ತೀರಿ ಅಂದ್ಕಂಡೆ. ದುರ್ಗ ನಗಾಡ್ದ. ಸರ್ಕಾರದ ಅಳಿಯ ಅಂದ."

"ತಿಂಗಳಾತು. ಒಂದು ಸಲನಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿ?" ರಾಜೀವ ಕ್ರೇಟನ್ನು ಮಗುಚಿ ನೀರು ಚೆಲ್ಲಿದ. "ಗೇರಿಗೆ ಹಾಕಿದ್ದು ನನ್ನ ಕೈ. ಮೂವತ್ತು ಹೆಜ್ಜೆ ಕೆಳಗೆ ಅಗಲ ಜಾಗ ಇತ್ತು. ಅವತ್ತು ಬಸ್ಸಿಗೆ ತಡ ಆತು ಅಂತ ಅಲ್ಲೇ ಬಿಟ್ಟೆ. ಅದು ನಿಮ್ಮ ಫಲಕದಲ್ಲಿ ಇಲ್ಲ, ಅದು ನಂದು. ನಿಮ್ಮ ಹೆಸರು ಹೇಳಿದ್ರೆ ಸುಬ್ಬಕ್ಕ ಎದ್ದು ಬತ್ಲಾ?"

ಪವಿತ್ರಾ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಇವ್ರ ಕಲ್ಲು ಸುಬ್ಬಕ್ಕನೇ ಕೊಟ್ಟದ್ದು. ಅವ್ಳ ಒರಳಿನ ಗುಂಡು ಒಡೆದು ಎರಡು ಹೋಳಾಗಿತ್ತು. ಒಂದು ಹೋಳು ತಂದು, ನೀನು ನನ್ನ ಮನೆ ಎದುರಿಗೆ ಗಾಡಿ ಬಿಡ್ತೆ, ಇದು ಕೊಡು, ಜಾರೂದಿಲ್ಲ ಅಂದಿದ್ಲು. ಫಲಕ ಬಂದ್ಮೇಲೆ ಇವ್ರು ತಿರುಗಿ ಕೊಟ್ಬಿಟ್ರು. ಅವ್ಳು ಉಪ್ಪುಮೀನಿನ ಭರಣಿ ಮೇಲೆ ಇಟ್ಕಂಡ್ಲು."

ಪವಿತ್ರಾ ಕೊಟ್ಟಿದ್ದ ನೀರನ್ನು ಕುಡಿಯದೆ ಸುಚಿತಾ ಎದ್ದಳು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅವಳು ತಯಾರಿಸಿದ ತುಲನಾ ಪಟ್ಟಿ ಅಭಿವೃದ್ಧಿ ಅಧಿಕಾರಿ ನಾರಾಯಣರ ಮೇಜಿನ ಮೇಲಿತ್ತು. ಭಟ್ಕಳ, ಹೊನ್ನಾವರ, ಕುಮಟೆ. ಆಧಾರದ ಅಂಕಣದಲ್ಲಿ ಈಗ ಪ್ರಶ್ನೆಯ ಗುರುತುಗಳಿರಲಿಲ್ಲ. ಅವಳು ಪಟ್ಟಿಗೆ ನಾಲ್ಕನೆಯ ಸಾಲೊಂದನ್ನು ಸೇರಿಸಿ 'ಅಳಿವೆಕೇರಿ' ಎಂದು ಬರೆದಿದ್ದಳು. ನಾರಾಯಣರು ಅದರ ಷರಾ ಓದಿ ಬಾಗಿಲ ಕಡೆ ನೋಡಿದರು.

"ಇದು ಬೇಡ ಸುಚಿತಾ. ಮೂರು ಪೇಟೆ ಕೇಳಿದ್ರು, ನೀನು ಮೂರು ಬರ್ದೆ. ಅಷ್ಟು ಸಾಕು."

"ಸರ್, ಫಲಕ ನಾನು ಬರ್ದದ್ದು."

"ಸಹಿ ನಂದು," ಎಂದರು ನಾರಾಯಣ. "ಓದದೇ ಸಹಿ ಹಾಕ್ದೆ. ನೀನು ಬರ್ದದ್ದು ಅಂದ್ರೆ ನಾನು ಓದೂದಿಲ್ಲ, ನಿಂಗೂ ಗೊತ್ತು. ನಂದು ಬಿಡು, ವರ್ಗ ಮಾಡ್ತ್ರು. ನಿಂದು ಖಾಯಂ ಅಲ್ಲ. ಶನಿಯಾರ ಹಿಂದಿನ ಬೆಂಚಲ್ಲಿ ಕೂತಿರ್ತಾನೆ. ಅವನ ಎದುರಿಗೆ ಓದ್ತೆಯಾ ನೀನು?"

ಅವಳೇ ಆ ಪ್ರಶ್ನೆಯನ್ನು ಹಿಂದಿನ ದಿನದಿಂದ ಕೇಳಿಕೊಳ್ಳುತ್ತಿದ್ದಳು. ಒಂದು ವೇಳೆ ಫಲಕ ಇರದಿದ್ದರೂ ಸುಬ್ಬಿ ಉಳಿಯುತ್ತಿರಲಿಲ್ಲವೇನೋ. ಒಂದು ವೇಳೆ ಈಗ ಹೇಳುವುದೂ ಶನಿಯಾರನಿಗಾಗಿ ಅಲ್ಲ, ರಾಜೀವನಿಗಾಗಿಯೂ ಅಲ್ಲ, ತನ್ನ ನಿದ್ದೆಗಾಗಿಯೇ ಇರಬಹುದು. ಇದ್ಯಾವುದಕ್ಕೂ ಅವಳ ಬಳಿ ಆಧಾರವಿರಲಿಲ್ಲ. ಅವಳ ಬಳಿ ಇದ್ದದ್ದು ಒಂದೇ: ಐದು ಟೆಂಪೊ ದೂಡಿದರೆ ಸರಿಯುತ್ತಿದ್ದವು, ಆರನೆಯದು ಅವಳ ಮಾತು ಕೇಳಿತ್ತು.

ಸಭೆಯಲ್ಲಿ ಭಟ್ಕಳದ ಹೆಂಡತಿಯ ಫೋನ್ ನಂಬರಿಗೆ ಸದಸ್ಯರು ನಕ್ಕರು. ಹೊನ್ನಾವರದ ಸಗಣಿಗೂ ನಕ್ಕರು. ಕುಮಟೆಯ ಸಾಲಿಗೆ ಬಂದಾಗ, "ಇದು ನಮ್ಮಲ್ಲಿಯೂ ಅದೆಯಲ್ಲ," ಎಂದು ಯಾರೋ ಅಂದರು. ಅವಳು ನಿಲ್ಲಿಸದೆ ನಾಲ್ಕನೆಯ ಸಾಲನ್ನು ಓದಿದಳು. ಒಂದೊಂದು ಪದವನ್ನೂ ಬಿಡಿಸಿ ಓದಿದಳು.

"'ಅಳಿವೆಕೇರಿ. ಹಿಂದಿನ ವಾಡಿಕೆ: ನ್ಯೂಟ್ರಲ್, ಚಕ್ರಕ್ಕೆ ಕಲ್ಲು. ಕಳೆದ ವರ್ಷ ಈ ಕಚೇರಿಯ ಗುಮಾಸ್ತೆ ಸುಚಿತಾ ಬರೆದ ಫಲಕದಿಂದ ಕಲ್ಲು ನಿಷೇಧವಾಗಿ, ಗೇರಿನಲ್ಲಿಟ್ಟು ಬೀಗ ಹಾಕತಕ್ಕದ್ದೆಂದು ಆಯಿತು. ಷರಾ: ಈ ನಿಯಮವನ್ನು ಪಾಲಿಸಿದ ಟೆಂಪೊ ಒಂದೇ. ಅದು ರಾಜೀವನದು.'"

ನಗು ಎಲ್ಲೂ ಇರಲಿಲ್ಲ. ನಾರಾಯಣರು ಮೇಜಿನ ಮೇಲಿನ ಪೆನ್ನನ್ನು ನೋಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಶನಿಯಾರ ಎದ್ದು ನಿಂತ. ನಲವತ್ತು ವರ್ಷ ದೋಣಿ ನಡೆಸಿದ ಆಳು, ತಿಂಗಳಲ್ಲಿ ಅಂಗಿಯೊಳಗೇ ಸಣ್ಣಗಾಗಿದ್ದ.

"ಕಡೇದು ಮತ್ತೊಂದ್ಸಲ ಓದು," ಎಂದ.

ಅವಳು ಓದಿದಳು.

"ಅಂವ ನಂಗೆ ಹೇಳ್ಲಿಲ್ಲ," ಎಂದ ಶನಿಯಾರ. "ಮೂರನೇ ದಿನ ಅಂವ ನನ್ನ ಅಂಗಳಕ್ಕೆ ಬಂದು ನಿಂತ. ನಾನು ಉಗ್ದೆ. ಆಗೂ ಹೇಳ್ಲಿಲ್ಲ." ಅವನು ಸುಚಿತಾಳನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಹೆಗಲ ಮೇಲಿನ ಪಂಚೆಯನ್ನು ತೆಗೆದು ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡು, ಹೊರಗೆ ಹೋದ.

ರಾತ್ರಿ ನಿಲ್ಲಿಸುವುದನ್ನು ನಿಷೇಧಿಸುವ, ಪೊಲೀಸರಿಗೆ ಬರೆಯುವ ಮಾತನ್ನು ಯಾರೂ ಎತ್ತಲಿಲ್ಲ. ಫಲಕವನ್ನು ಇಂದೇ ತೆಗೆಯುವುದು ಎಂದು ಭಾಸ್ಕರ ಬರೆಸಿದರು. ಗುಮಾಸ್ತೆಯ ವಿಚಾರ ಮುಂದಿನ ಸಭೆಗೆ ಎಂದೂ ಬರೆಸಿದರು. ಆ ಸಾಲನ್ನೂ ನಡಾವಳಿ ಪುಸ್ತಕದಲ್ಲಿ ಸುಚಿತಾಳೇ ಬರೆದಳು.

ಸಂಜೆ ಕಚೇರಿಗೆ ಬೀಗ ಹಾಕಿ ಅವಳು ಫಲಕ ಬಿಚ್ಚಲು ಬಂದರಕೇರಿಗೆ ಇಳಿದಳು. ತಂತಿಗೆ ತುಕ್ಕು ಹಿಡಿದಿತ್ತು, ಬೆರಳು ಕೊಯ್ಯಿತು. ಪ್ಲಾಸ್ಟಿಕ್ಕಿನೊಳಗೆ ಅಕ್ಷರಗಳು ಮಾತ್ರ ಬರೆದ ದಿನದ ಹಾಗೇ ಕಪ್ಪಗಿದ್ದವು. ಹೊಳೆಯ ಮೇಲೆ ಬಿಸಿಲು ಹಳದಿಯಾಗಿತ್ತು, ಕೇರಿಯ ಹೆಂಗಸರು ಒಣಗಿದ ಮೀನನ್ನು ಚಾಪೆಯಿಂದ ಬುಟ್ಟಿಗೆ ತುಂಬುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ರಾಜೀವನ ಟೆಂಪೊ ನಿಧಾನವಾಗಿ ಇಳಿದು ಬಂತು. ತಿಂಗಳಿಂದ ಅದು ಹೆದ್ದಾರಿಯ ಬದಿಗೇ ನಿಲ್ಲುತ್ತಿತ್ತು. ಒಡೆದ ಗಾಜಿನ ಜಾಗಕ್ಕೆ ನೀಲಿ ತಾಡಪಾಲು ಕಟ್ಟಿದ್ದ. ಶನಿಯಾರ ಹೇಳಿ ಕಳಿಸಿದ್ದನಂತೆ, ಗಾಡಿ ತಕಂಡು ಬಾ ಎಂದು ಅಷ್ಟೇ. ಯಾಕೆಂದು ಹೇಳಿರಲಿಲ್ಲ. ಆ ರಾತ್ರಿ ಗಾಡಿ ನಿಂತಿದ್ದ ಜಾಗದಲ್ಲೇ ರಾಜೀವ ಅದನ್ನು ನಿಲ್ಲಿಸಿ ಇಳಿದು, ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಬಾಗಿಲು ಹಿಡಿದು ನಿಂತ.

ಶನಿಯಾರ ಮನೆಯೊಳಗಿನಿಂದ ಎರಡೂ ಕೈಯಲ್ಲಿ ಒರಳುಗುಂಡಿನ ಹೋಳನ್ನು ಹಿಡಿದುಕೊಂಡು ಬಂದ. ಅದರ ಮೇಲೆ ಉಪ್ಪು ಬೆಳ್ಳಗೆ ಹರಳುಗಟ್ಟಿತ್ತು. ಯಾರ ಮುಖವನ್ನೂ ನೋಡದೆ ಕೂತು, ಹಿಂಗಾಲಿಯ ಕೆಳಗೆ ಅದನ್ನಿಟ್ಟು, ಅಂಗೈಯಿಂದ ಒತ್ತಿ ಕೂರಿಸಿದ.

"ನ್ಯೂಟ್ರಲ್ ಮಾಡು," ಎಂದ. ರಾಜೀವ ಮಾಡಿದ.

ಶನಿಯಾರ ಟೆಂಪೊವನ್ನು ಹಿಡಿದು ಎದ್ದು ನಿಂತ. ಆಮೇಲೆ, ಕಂಬದ ಹತ್ತಿರ ಫಲಕವನ್ನು ಎದೆಗೊತ್ತಿ ನಿಂತಿದ್ದ ಸುಚಿತಾಳ ಕಡೆ ತಿರುಗಿ, "ಬಾ ಇಲ್ಲಿ," ಎಂದ.

ಅವಳು ಫಲಕವನ್ನು ಕಂಬಕ್ಕೆ ಒರಗಿಸಿ ಬಂದಳು. ಶನಿಯಾರ ಮತ್ತೆ ಬಗ್ಗಿ ಕಲ್ಲನ್ನು ಗಾಲಿಯಿಂದ ಎಳೆದು ಕೈಯಲ್ಲಿ ಹಿಡಿದುಕೊಂಡ.

"ದೂಡು."

ಅವಳು ಎರಡೂ ಕೈಗಳನ್ನು ತಗಡಿಗೆ ಒತ್ತಿದಳು. ತಗಡು ಇನ್ನೂ ಬೆಚ್ಚಗಿತ್ತು. ಬೆರಳಿನ ರಕ್ತ ಅಲ್ಲೊಂದು ಗುರುತು ಮಾಡಿತು. ದೂಡಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಟೆಂಪೊ, ಯಾವ ಸದ್ದೂ ಇಲ್ಲದೆ, ಅಗಲ ಜಾಗದ ಕಡೆಗೆ ಸರಿಯತೊಡಗಿತು. ಅವಳೊಬ್ಬಳ ಕೈಗೇ ಸರಿಯಿತು. ರಾಜೀವ ಸ್ಟೇರಿಂಗು ಹಿಡಿದು ಪಕ್ಕದಲ್ಲಿ ನಡೆದ. ಶನಿಯಾರ ಗಾಲಿಯ ಜೊತೆಜೊತೆಗೆ, ಕಲ್ಲನ್ನು ಹೊಟ್ಟೆಗೆ ಅವುಚಿಕೊಂಡು, ಮೂವತ್ತು ಹೆಜ್ಜೆಯೂ ನಡೆದು ಬಂದ.